ಭೂಗರ್ಭ ಸರ್ವೆಯಿಂದ ಹಿಡುವಳಿದಾರರಿಗಾಗುವ ಪ್ರಯೋಜನ: ರೋಣ, ನರಗುಂದ ಮತ್ತು ಗಜೇಂದ್ರಗಡ ಸೀಮೆ

ಭೂಗರ್ಭ ಸರ್ವೆ ಎಂದರೆ ಚಿನ್ನ, ಕಬ್ಬಿಣ, ಕಲ್ಲಿದ್ದಲುಗಳನ್ನು ಹುಡುಕುವ ಸರ್ಕಾರದ ಕೆಲಸವೆಂದೂ, ಅದರಿಂದ ಒಕ್ಕಲಿಗನಿಗೆ ಆಗತಕ್ಕದ್ದೇನೂ ಇಲ್ಲವೆಂದೂ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಭಾವಿಸುವದುಂಟು. ಈ ಭಾವನೆಗೆ ಕಾರಣವಿಲ್ಲದೆ ಇಲ್ಲ. 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಎಂಬವರು ಕಲ್ಕತ್ತೆಯಲ್ಲಿ ಭಾರತದ ಭೂಗರ್ಭ ಸರ್ವೆ ಇಲಾಖೆಯ ಕೆಲಸವನ್ನು ಆರಂಭಿಸಿದಾಗ, ಕಲ್ಲಿದ್ದಲನ್ನು ಹುಡುಕುವದೇ ಅದರ ಮುಖ್ಯೋದ್ದೇಶವಾಗಿತ್ತು. ಅದೇ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಎಂಬವರು 1874ರಲ್ಲಿ ಡಂಬಳದ ಗುಡ್ಡಗಳ ಚಿನ್ನದ ಕಲ್ಲುಗಳನ್ನು ಕುರಿತು ಬರೆದರು. ಆದರೆ ಅದೇ ಫೂಟರು 1876ರಲ್ಲಿ ದಕ್ಷಿಣ ಮರಾಠಾ ಪ್ರಾಂತದ ಕಲ್ಲುಮಣ್ಣುಗಳನ್ನೆಲ್ಲ ವಿವರಿಸಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ರೋಣ, ನರಗುಂದ, ಗಜೇಂದ್ರಗಡಗಳು ಆ ಕಾಲದಲ್ಲಿ ಆ ಪ್ರಾಂತಕ್ಕೆ ಸೇರಿದ್ದವು. ಚಿನ್ನದ ಲೇಖವು ಕೆಲವೇ ಜನರಿಗೆ ಬೇಕಾದದ್ದು. ಎರಡನೆಯ ಗ್ರಂಥದ ವಿಷಯವಾದರೋ ಬಾವಿ ತೋಡುವ, ಮನೆ ಕಟ್ಟುವ, ಕಾಲುವೆಯ ನೀರು ಹಾಯಿಸುವ ಪ್ರತಿಯೊಬ್ಬನಿಗೂ ಸಂಬಂಧಪಟ್ಟದ್ದು.

ಈ ಸೀಮೆಯ ನೆಲವನ್ನು ಮೇಲಿಂದ ನೋಡಿದವನಿಗೆ ಎರೆ, ಮಸಾರಿ ಎಂಬ ಎರಡು ಭೇದಗಳು ಮಾತ್ರ ಕಾಣುವವು. ಕೆಳಗಿನ ಸಂಗತಿ ಬೇರೆ. ರೋಣದ ಸುತ್ತಿನ ಬಯಲಿನಲ್ಲಿ ಎರೆಯ ಕೆಳಗೆ ಬಹುಮಟ್ಟಿಗೆ ಗ್ರಾನೈಟಿನ ಬಳಗಕ್ಕೆ ಸೇರಿದ, ಪಟ್ಟೆಪಟ್ಟೆಯಾದ ನೈಸ್ ಎಂಬ ಕಲ್ಲು ಇರುವದು. ಅದು 250 ಕೋಟಿ ವರ್ಷಗಳಿಗೂ ಹಿಂದಿನದು. ಗಜೇಂದ್ರಗಡದ ಗುಡ್ಡಗಳಾದರೋ ಅದಕ್ಕಿಂತ ಬಹುಕಾಲದ ನಂತರ ಪದರುಪದರಾಗಿ ಕುಳಿತ ಉಸುಕು ಗಟ್ಟಿಯಾಗಿ ಆದ ಕಲ್ಲಿನವು. ಬಾದಾಮಿಯ ಗುಹೆಗಳನ್ನು ಕೊರೆದ ಕಲ್ಲೂ ಇದೇ ಬಳಗದ್ದು. ಎರೆಮಣ್ಣು ದಖ್ಖನ್ನಿನ ಕರಿಕಲ್ಲು ಸವೆದೇ ಆಗತಕ್ಕದ್ದೆಂದು ಹಲವರು ನಂಬಿರುವರು. ಆ ಕರಿಕಲ್ಲಿನ ಹಾಸು ರೋಣದ ಬಯಲಿನಲ್ಲಿ ಇಲ್ಲ, ಎರೆಯು ಮಾತ್ರ ಧಾರಾಳವಾಗಿ ಉಂಟು. ಆದಕಾರಣ ಮಣ್ಣಿನ ಬಣ್ಣವನ್ನು ನೋಡಿ ಕೆಳಗಿನ ಕಲ್ಲನ್ನು ಊಹಿಸತಕ್ಕದ್ದಲ್ಲ.

ಕೆಳಗಿನ ಕಲ್ಲನ್ನು ತಿಳಿಯುವದರಿಂದ ಮೊದಲು ಉಳಿಯತಕ್ಕದ್ದು ಬಾವಿಯ ಹಣ. ನೈಸ್ ಕಲ್ಲಿನ ಒಡಲಲ್ಲಿ ನೀರು ನಿಲ್ಲುವದಿಲ್ಲ. ಮೇಲಿನ ಕಲ್ಲು ಗಾಳಿಮಳೆಗಳಿಂದ ಸಡಿಲಾಗಿ ಗರಸಿನಂತಾದ ಪದರಿನಲ್ಲಿಯೂ, ಅದರ ಕೆಳಗಿನ ಬಂಡೆಯ ಬಿರುಕುಗಳಲ್ಲಿಯೂ ಮಾತ್ರ ನೀರು ಇರುವದು. ಆಳಕ್ಕೆ ಹೋದಂತೆ ಬಿರುಕುಗಳು ಸಾಮಾನ್ಯವಾಗಿ ಕಡಿಮೆಯಾಗುತ್ತ ಬರುವವು. ನೆರೆಯವನ ಕೊಳವೆ ಬಾವಿಗೆ 300 ಅಡಿಯಲ್ಲಿ ನೀರು ಬಂದರೆ, ತನ್ನದನ್ನು 600 ಅಡಿಗೆ ಇಳಿಸಿದರೆ ಇಮ್ಮಡಿ ಬರುವದೆಂಬ ಲೆಕ್ಕ ಈ ನೆಲದಲ್ಲಿ ಸಲ್ಲುವದಿಲ್ಲ. ಸಾಲ ಮಾಡಿ ಒಂದರ ಮೇಲೊಂದು ಬಾವಿ ಕೊರೆಸಿ ಹೊಲವನ್ನೇ ಒತ್ತೆ ಇಟ್ಟವರು ಯಾವ ಊರಿನಲ್ಲಿಲ್ಲ?

ತೆಂಗಿನಕಾಯಿಯನ್ನೋ ಬೇವಿನ ಕವಲನ್ನೋ ಹಿಡಿದು ನೀರು ತೋರಿಸುವವರ ಮಾತನ್ನು ನಂಬುವದಕ್ಕಿಂತ, ವಿದ್ಯುತ್ತಿನ ಪರೀಕ್ಷೆ ಮಾಡಿಸುವದು ಲೇಸು. ನೆಲದಲ್ಲಿ ಸಾಲಾಗಿ ಗೂಟಗಳನ್ನು ನೆಟ್ಟು ವಿದ್ಯುತ್ತನ್ನು ಹರಿಯಿಸಿದರೆ, ತೇವವುಳ್ಳ ಸಡಿಲ ಕಲ್ಲು ಅದನ್ನು ಸುಲಭವಾಗಿ ಹಾಯಗೊಡುವದು, ಒಣ ಬಂಡೆ ತಡೆಯುವದು. ಗೂಟಗಳ ಅಂತರವನ್ನು ಹೆಚ್ಚಿಸಿದಷ್ಟು ಹೆಚ್ಚು ಆಳದ ಸುದ್ದಿ ದೊರೆಯುವದು. ಆದರೆ ಎರೆನಾಡಿನಲ್ಲಿ ಒಂದು ಎಚ್ಚರವಿರಬೇಕು. ಹಸಿಯ ಎರೆಯೂ ಉಪ್ಪುನೀರೂ ವಿದ್ಯುತ್ತನ್ನು ಚೆನ್ನಾಗಿ ಹಾಯಗೊಡುವದರಿಂದ, ಕೆಳಗಿನ ಕಲ್ಲಿನ ನಕ್ಷೆಯನ್ನು ಅರಿಯದವನು ಯಂತ್ರದ ಅಂಕಿಯನ್ನು ನೋಡಿ ಸಿಹಿನೀರೆಂದು ಮೋಸಹೋಗುವ ಸಂಭವವುಂಟು.

ನೀರು ದೊರೆತರೂ ಅದರ ಗುಣವನ್ನು ಕಲ್ಲೇ ನಿಶ್ಚಯಿಸುವದು. ಗ್ರಾನೈಟು, ನೈಸ್ ಕಲ್ಲುಗಳಲ್ಲಿಯ ಕೆಲವು ಖನಿಜಗಳಿಂದ ಫ್ಲೋರೈಡ್ ಎಂಬ ಅಂಶವು ನೀರಿಗೆ ಇಳಿಯುವದು. ಬಹುಕಾಲ ಕಲ್ಲಿನ ಸಂಗದಲ್ಲಿದ್ದ ಆಳದ ನೀರಿನಲ್ಲಿ ಅನೇಕ ವೇಳೆ ಅದು ಹೆಚ್ಚು. ಗದಗ ಜಿಲ್ಲೆಯ ಹಲವು ಊರುಗಳಿಗೆ ಈ ಪೀಡೆ ತಗುಲಿದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ನೀರು ದೊರೆಯದಲ್ಲಿ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದೆಂದು ನಿಯಮವಿರುವದು. ಮೀರಿದರೆ ಮಕ್ಕಳ ಹಲ್ಲು ಕಂದಾಗುವದು, ವರ್ಷಗಳ ಮೇಲೆ ಎಲುಬು ಕೀಲುಗಳು ಬಿಗಿಯುವವು. ನೀರನ್ನು ಕಾಯಿಸುವದರಿಂದ ಇದು ಹೋಗುವದಿಲ್ಲ. ನೀರು ಆವಿಯಾದಷ್ಟು ಉಳಿದ ನೀರಿನಲ್ಲಿ ಹೆಚ್ಚೇ ಆಗುವದು. ಹೊಸ ಬಾವಿಯ ನೀರನ್ನು ಪರೀಕ್ಷೆಗೆ ಕಳಿಸದೆ ಊರಿನ ತೊಟ್ಟಿಗೆ ಬಿಡಬಾರದು.

ಗಜೇಂದ್ರಗಡದ ಉಸುಕುಗಲ್ಲಿನ ನಡತೆ ಬೇರೆ. ಕಾಲಕಾಲೇಶ್ವರ ದೇವಾಲಯದ ಬಳಿ ಬಂಡೆಯಿಂದ ವರ್ಷವಿಡೀ ಸುರಿಯುವ ಅಂತರಗಂಗೆಯನ್ನು ನೋಡದವರು ಈ ಭಾಗದಲ್ಲಿ ವಿರಳ. ಭಕ್ತರಿಗೆ ಅದು ದೇವರ ಕೃಪೆ. ಇಂಥ ಸೆಲೆಗಳ ವಿಷಯವಾಗಿ ಭೂಗರ್ಭಶಾಸ್ತ್ರವು ಹೇಳುವದಿಷ್ಟೇ: ಗುಡ್ಡದ ನೆತ್ತಿಯ ಮೇಲೆ ಬಿದ್ದ ಮಳೆಯು ಕಲ್ಲಿನ ಸೀಳುಗಳಲ್ಲಿಯೂ ಪದರುಗಳ ಸಂದುಗಳಲ್ಲಿಯೂ ಇಳಿದು, ನೀರನ್ನು ಒಳಬಿಡದ ಪದರು ಅಡ್ಡಬಂದಲ್ಲಿ ಪಕ್ಕಕ್ಕೆ ಸರಿದು ಗುಡ್ಡದ ಕೆನ್ನೆಯಲ್ಲಿ ಹೊರಬೀಳುವದು. ಹಾಗಾದರೆ ಸೆಲೆಯನ್ನು ಕಾಯುವದೆಂದರೆ ಅದರ ಹೊಂಡವನ್ನು ಕಟ್ಟಿಸುವದಷ್ಟೇ ಅಲ್ಲ, ನೀರು ಒಳಸೇರುವ ನೆತ್ತಿಯನ್ನು ಕಾಯುವದು. ಅಲ್ಲಿಯ ಗಿಡಗಂಟಿಗಳನ್ನು ಕಡಿದು ಕಲ್ಲು ತೆಗೆಯುತ್ತ ಹೋದರೆ, ಕೆಳಗಿನ ಸೆಲೆ ಬತ್ತಿತೆಂದು ದೂರುವ ಹಕ್ಕು ಊರಿಗೆ ಉಳಿಯದು.

ನರಗುಂದದ ಸಂಗತಿ ಇವೆರಡಕ್ಕಿಂತ ವಿಚಿತ್ರವಾದದ್ದು. ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು 1970ರ ದಶಕದಿಂದ ಈ ಕಡೆಯ ಹೊಲಗಳಿಗೆ ಹರಿಯಿತು. ಕಾಲುವೆಯ ಕರಭಾರವನ್ನು ಕುರಿತು 1980ರಲ್ಲಿ ಎದ್ದ ಚಳವಳಿ ಎಲ್ಲರ ನೆನಪಿನಲ್ಲಿದೆ; ಅದೇ ಕಾಲುವೆಯಿಂದ ನೆಲದೊಳಗೆ ಆದ ಬದಲಾವಣೆಯ ಮಾತನ್ನು ಅಷ್ಟಾಗಿ ಯಾರೂ ಆಡಲಿಲ್ಲ. ಎರೆಯು ನೀರನ್ನು ಹೀರಿ ಉಬ್ಬುವದು, ಬೇಗ ಕೆಳಗೆ ಬಿಡದು. ಹೆಚ್ಚಾಗಿ ಹಾಯಿಸಿದ ನೀರು ಬಸಿಯದೆ ವರ್ಷವರ್ಷಕ್ಕೆ ಮೇಲೇರುವದು. ಸವಳು ಜವಳು ಹುಟ್ಟುವದು ಹೀಗೆ.

ಈ ಏರಿಕೆಯು ಹೊಲದ ಗಡಿಯಲ್ಲಿ ನಿಲ್ಲಲಿಲ್ಲ. 2019ರಿಂದೀಚೆಗೆ ನರಗುಂದ ಪಟ್ಟಣದ ಕೆಲವು ಓಣಿಗಳಲ್ಲಿ ಮನೆಯೊಳಗೂ ಬೀದಿಯಲ್ಲಿಯೂ ನೆಲವು ಇದ್ದಕ್ಕಿದ್ದಂತೆ ಕುಸಿದು ಗುಂಡಿಗಳು ಬಿದ್ದವು. ಭೂವಿಜ್ಞಾನಿಗಳು ಬಂದು ಪರಿಶೀಲಿಸಿದರು. ಹಳೆಯ ಹಗೇವುಗಳೂ ಏರಿದ ಅಂತರ್ಜಲವೂ ಕೂಡಿ ಈ ಅನಾಹುತಕ್ಕೆ ಕಾರಣವೆಂದು ಹೇಳಲಾಯಿತು. ಹಿರಿಯರು ಜೋಳವನ್ನು ಕಾಪಾಡಲು ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ತೋಡುತ್ತಿದ್ದ ಹಗೇವುಗಳು ಒಣನೆಲದಲ್ಲಿ ತಲೆಮಾರುಗಟ್ಟಲೆ ಗಟ್ಟಿಯಾಗಿ ನಿಂತಿದ್ದವು. ಕಾಳು ತುಂಬುವ ರೂಢಿ ತಪ್ಪಿತು. ಬಾಯಿ ಮುಚ್ಚಿ ಅದರ ಮೇಲೆ ಮನೆಗಳೆದ್ದವು. ಕೆಳಗೆ ಪೊಳ್ಳಿರುವದು ಮರೆತುಹೋಯಿತು. ನೀರು ಏರಿ ಗೋಡೆಯ ಮಣ್ಣು ಮೆತ್ತಗಾದಾಗ ಮೇಲಿನ ಭಾರವನ್ನು ಅದು ತಾಳಲಿಲ್ಲ. ಜಾಣತನದಿಂದ ತೋಡಿದ ಕಣಜವೇ ಮೊಮ್ಮಕ್ಕಳಿಗೆ ಕುಣಿಯಾದದ್ದು ತೋಡಿದವರ ತಪ್ಪಲ್ಲ.

ಇಲ್ಲಿ ಭೂವಿಜ್ಞಾನಿಗಿಂತ ಊರ ಹಿರಿಯರಿಗೇ ಹೆಚ್ಚು ತಿಳಿದಿರುವದು. ಹಗೇವು ಯಾವ ಮನೆಯ ಪಡಸಾಲೆಯ ಕೆಳಗಿತ್ತು, ಯಾವ ಕಟ್ಟೆಯ ಬಳಿ ಸಾಲಾಗಿ ಇದ್ದವು ಎಂಬುದು ಯಾವ ನಕ್ಷೆಯಲ್ಲಿಯೂ ಇಲ್ಲ. ವಯಸ್ಸಾದವರು ಇರುವಾಗಲೇ ಅವರನ್ನು ಕೇಳಿ ಪಂಚಾಯತಿಯ ದಫ್ತರದಲ್ಲಿ ಬರೆದಿಡತಕ್ಕದ್ದು. ಹಗೇವು ಬಯಲಾದರೆ ಯಾರೂ ಒಳಗೆ ಇಳಿಯಬಾರದು. ಬಹುದಿನ ಮುಚ್ಚಿದ ಹಗೇವಿನಲ್ಲಿ ಉಸಿರುಗಟ್ಟಿಸುವ ಗಾಳಿ ತುಂಬಿರುವದು. ತಿಳಿದವರಿಗೆ ತೋರಿಸಿ, ಹೊರಗಿನಿಂದಲೇ ಗರಸು ಹಾಕಿ ಪದರುಪದರಾಗಿ ದಮ್ಮಸು ಮಾಡಿ ತುಂಬಿಸಬೇಕು. ಮನೆಯ ಬಚ್ಚಲ ನೀರನ್ನು ಅಂಥ ಸ್ಥಳದಲ್ಲಿ ಇಂಗಗೊಡಬಾರದು.

ಇಲಾಖೆಯ ನಕ್ಷೆಗಳಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನೂ ಅರಿತಿರಬೇಕು. ಕಲ್ಲುಗಳ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರು. ಉಗುರಿನಷ್ಟು ಚೌಕದಲ್ಲಿ 60 ಎಕರೆಗೂ ಹೆಚ್ಚು ಭೂಮಿ ಅಡಗಿರುವದು. ಸೀಮೆಯ ಕಲ್ಲು ಯಾವುದೆಂದು ಅದು ಹೇಳಬಲ್ಲದು, ಬಾವಿಯ ಜಾಗವನ್ನು ತೋರಿಸಲಾರದು. ಈ ಶತಮಾನದಲ್ಲಿ ಇಲಾಖೆಯವರು ಹಳ್ಳಗಳ ರೇವೆಯನ್ನೂ ಮಣ್ಣನ್ನೂ ಎತ್ತಿ ಹತ್ತಾರು ಮೂಲವಸ್ತುಗಳಿಗಾಗಿ ಪರೀಕ್ಷಿಸಿ ಬೇರೆ ನಕ್ಷೆಗಳನ್ನು ತಯಾರಿಸುತ್ತಿರುವರು. ಅದರಲ್ಲಿ ಎರಡು ಕಿಲೋಮೀಟರಿನ ಚೌಕಕ್ಕೆ, ಎಂದರೆ ಸುಮಾರು ಸಾವಿರ ಎಕರೆಗೆ, ಒಂದು ಲೆಕ್ಕ ಸಿಕ್ಕುವದು. ಹೊಲದ ಮಣ್ಣಿನ ಪರೀಕ್ಷೆಗೆ ಅದು ಬದಲಿಯಲ್ಲ.

ಅಂತರ್ಜಲದ ಕೆಲಸವು ಈಗ ಇದೇ ಇಲಾಖೆಯಲ್ಲಿಲ್ಲ. 1972ರಲ್ಲಿ ಅದರ ಅಂತರ್ಜಲ ವಿಭಾಗವನ್ನು ಕೇಂದ್ರ ಅಂತರ್ಜಲ ಮಂಡಳಿಗೆ ಸೇರಿಸಿದರು. ಮಂಡಳಿಯವರು ಗೊತ್ತುಮಾಡಿದ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುವರು. ಎಲ್ಲ ಊರಿನ ಬಾವಿಗಳೂ ಆ ಪಟ್ಟಿಯಲ್ಲಿ ಇರುವದಿಲ್ಲವಾದ್ದರಿಂದ, ಪ್ರತಿ ಊರಿನವರು ಎರಡು ಮೂರು ತೆರೆದ ಬಾವಿಗಳನ್ನು ಆರಿಸಿಕೊಂಡು, ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರಿ ಮಳೆ ಮುಗಿದ ಮೇಲೆ ಒಮ್ಮೆ, ಹಗ್ಗಕ್ಕೆ ಕಲ್ಲು ಕಟ್ಟಿ ಅಳೆದು ತಾರೀಖಿನೊಡನೆ ಬರೆಯಬಹುದು. ಕೊಳವೆ ಬಾವಿ ಕೊರೆಸುವಾಗ ಒಡೆಯನು ಹತ್ತಿರ ನಿಂತು, ಎಷ್ಟನೆಯ ಅಡಿಗೆ ಎರೆ ಮುಗಿಯಿತು, ಎಷ್ಟನೆಯ ಅಡಿಗೆ ಗರಸು ಮುಗಿದು ಬಂಡೆ ಹತ್ತಿತು, ನೀರು ಮೊದಲು ಕಂಡದ್ದು ಎಲ್ಲಿ, ಹೊರಬಿದ್ದ ಹುಡಿಯ ಬಣ್ಣ ಬದಲಾದದ್ದು ಎಲ್ಲಿ ಎಂಬುದನ್ನು ಬರೆದಿಡಬೇಕು. ಒಣಗಿದ ಬಾವಿಯ ಲೆಕ್ಕವನ್ನೂ ಬಿಡಬಾರದು. ಪಕ್ಕದ ಹೊಲದವನಿಗೆ ಬೇಕಾಗುವದು ಮುಖ್ಯವಾಗಿ ಅದೇ.