ಮಂಡಿಯೂರಿ ನೋಡಬೇಕಾದ ಕಾರು

ಸ್ಪೋರ್ಟ್ಸ್ ಕಾರು ಅಂದರೆ ಕೋಟಿ ರೂಪಾಯಿಯ ಮಾತು ಅಂತ ದಾವಣಗೆರೆಯಲ್ಲಿರುವ ನಮ್ಮ ನೆಂಟರಿಷ್ಟರ ಲೆಕ್ಕ. ಇಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ನಾನು ಓಡಿಸುವ 2003ರ ಮಾಜ್ದಾ ಎಂಎಕ್ಸ್-5, ಊರಿನ ಹೊಸ ಸ್ವಿಫ್ಟ್‌ಗಿಂತ ಅಗ್ಗ ಅಂದರೆ ಯಾರೂ ನಂಬುವುದಿಲ್ಲ. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ಎಂಜಿನ್ ಮುಂದೆ, ತಳ್ಳುವುದು ಹಿಂದಿನ ಚಕ್ರ. 1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಮಾದರಿಯ ಕಾರುಗಳ ತಯಾರಿಕೆ 2016ರ ಹೊತ್ತಿಗೆ ಹತ್ತು ಲಕ್ಷ ದಾಟಿತ್ತು. ಹಾಗಾಗಿ ಹಳೆಯದಕ್ಕೂ ಬಿಡಿಭಾಗಕ್ಕೆ ಬರವಿಲ್ಲ.

ವೇಗದ ಆಸೆಯಿಂದ ಇದನ್ನು ಕೊಳ್ಳಬೇಡಿ. ಮೊದಲ ತಲೆಮಾರಿನ 1.6 ಲೀಟರ್ ಎಂಜಿನ್ನಿನ ಶಕ್ತಿ ಹೆಚ್ಚುಕಮ್ಮಿ 115 ಕುದುರೆಯದು. ನೇರ ಹೆದ್ದಾರಿಯಲ್ಲಿ ಇವತ್ತಿನ ಎಷ್ಟೋ ಮಾಮೂಲಿ ಕಾರುಗಳು ಹಿಂದೆ ಹಾಕುತ್ತವೆ. ಆದರೆ ತೂಕ ಒಂದು ಟನ್ನಿನ ಆಸುಪಾಸು. ಹಳ್ಳಿ ರಸ್ತೆಯ ತಿರುವಿನಲ್ಲಿ ಅದರ ಗಮ್ಮತ್ತು ಗೊತ್ತಾಗುತ್ತದೆ. ಡಿಕ್ಕಿಯಲ್ಲಿ ಒಂದು ಮೂಟೆ ಸೋನಾ ಮಸೂರಿ ಇಟ್ಟರೆ ಮುಗಿಯಿತು, ತರಕಾರಿ ಹೆಂಡತಿಯ ತೊಡೆಯ ಮೇಲೆ.

ಕೊಳ್ಳಲು ಬಂದವರೆಲ್ಲ ಬಾನೆಟ್ ಎತ್ತಿಸುತ್ತಾರೆ. ಎಂಜಿನ್ ಗಟ್ಟಿ, ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿ, ರಸೀದಿ ನೋಡಿ, ಅಷ್ಟು ಸಾಕು. ಈ ಕಾರಿನ ಶತ್ರು ತುಕ್ಕು. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ, ಅದು ಕೆಳಗಿನಿಂದ ತಿನ್ನುತ್ತದೆ. ಮೇಲಿನಿಂದ ತಿನ್ನುವುದು ಮಳೆ. ಟಾಪಿನ ಮೇಲೆ ಬಿದ್ದ ನೀರು ಸೀಟಿನ ಹಿಂದಿನ ಎರಡು ಸಣ್ಣ ಕೊಳವೆಗಳಲ್ಲಿಳಿದು ಹಿಂದಿನ ಚಕ್ರದ ಮುಂದೆ ನೆಲಕ್ಕೆ ಹೋಗಬೇಕು. ಎಲೆ, ಮಣ್ಣು ಕಟ್ಟಿಕೊಂಡರೆ ಆ ನೀರು ಬಾಗಿಲ ಕೆಳಗಿನ ಸಿಲ್ ಹತ್ತಿರ ನಿಂತು ಒಳಗಿಂದೊಳಗೇ ಕೊರೆಯುತ್ತದೆ. ಹೊರಗಿನ ಬಣ್ಣ ಮಾತ್ರ ಫಳಫಳ!

ಅದಕ್ಕೇ ನಾನು ಗೆಳೆಯರ ಜೊತೆ ಕಾರು ನೋಡಲು ಹೋದಾಗ ಒಂದು ಬಾಟಲಿ ನೀರು, ಒಂದು ಅಯಸ್ಕಾಂತ ಒಯ್ಯುತ್ತೇನೆ. ಕೊಳವೆಗೆ ನೀರು ಸುರಿದು, ಮಂಡಿಯೂರಿ, ಅದು ಕೆಳಗೆ ಬರುತ್ತದೋ ನೋಡುತ್ತೇನೆ. ಸಿಲ್ ಉದ್ದಕ್ಕೂ ಅಯಸ್ಕಾಂತ ಎಳೆದಾಗ ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಬಣ್ಣದಡಿ ಇರುವುದು ಕಬ್ಬಿಣವಲ್ಲ, ಫಿಲ್ಲರ್. 1998ರಿಂದ 2005ರವರೆಗಿನ ಎರಡನೇ ತಲೆಮಾರಿನದಾದರೆ ಮುಂಭಾಗದ ಚಾಸಿ ರೈಲುಗಳನ್ನೂ ಟಾರ್ಚ್ ಹಾಕಿ ನೋಡಿ. ವೆಲ್ಡಿಂಗಿನ ಬಿಲ್ಲು ಕಾರಿನ ಬೆಲೆಯನ್ನೇ ಮೀರಬಹುದು.

ಇನ್ನೊಂದು ಸೌಲಭ್ಯ ಪುಕ್ಕಟೆ. ನಂಬರ್ ಪ್ಲೇಟ್ ಸಂಖ್ಯೆ ಹಾಕಿದರೆ ಬ್ರಿಟಿಷ್ ಸರ್ಕಾರದ ಜಾಲತಾಣ ಆ ಕಾರಿನ ಹಳೆಯ ಎಂಒಟಿ (ಇಲ್ಲಿನ ಕಡ್ಡಾಯ ವಾರ್ಷಿಕ ಸುಸ್ಥಿತಿ) ತಪಾಸಣೆಗಳ ವಿವರವನ್ನು, ಮೈಲಿ ಸಮೇತ, ಮುಂದಿಡುತ್ತದೆ. ಅದರಲ್ಲಿ ತುಕ್ಕಿನ ಮಾತು ವರ್ಷವರ್ಷವೂ ಬಂದಿದ್ದರೆ ಮನೆಯಿಂದ ಹೊರಡಲೇಬೇಡಿ.

ಹೊರಟರೆ ಮಳೆ ಸುರಿದ ಮರುದಿನವೇ ಹೋಗಿ. ಸೀಟಿನ ಹಿಂದೆ ಕೈಯಿಟ್ಟು ಕಾರ್ಪೆಟ್ ಮುಟ್ಟಿ. ಒದ್ದೆಯಿದ್ದರೆ ಚೌಕಾಸಿಗಿಳಿಯದೆ ವಾಪಸ್ ಬನ್ನಿ. ಮಾರಾಟಕ್ಕೆ ಇನ್ನೂ ಬೇಕಾದಷ್ಟಿವೆ.