ಸಕ್ಕರೆ ಹಾಕದ ಮಾಂಬಳ: ಮಳೆಗಾಲಕ್ಕೆ ಇಡುವುದು ಹೇಗೆ, ಶುಗರ್ ಇದ್ದವರು ತಿನ್ನಬಹುದೇ?

ಮೇ ತಿಂಗಳು ಬಂತೆಂದರೆ ಮಂಜೇಶ್ವರ, ಕಾಸರಗೋಡು ಕಡೆಯ ಹಿತ್ತಿಲುಗಳಲ್ಲಿ ಕಾಟು ಮಾವಿನ ಹಣ್ಣು ಬಿದ್ದು ಕೊಳೆಯುತ್ತದೆ. ತಿಂದು ಮುಗಿಯುವುದಿಲ್ಲ, ಮಾರಲು ಹೋದರೆ ರೇಟಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ಹಣ್ಣು ಬೇಕು ಅನಿಸುತ್ತದೆ. ನನ್ನ ದಿನಸಿ ಅಂಗಡಿಗೆ ಬರುವವರು ಈಗ ಕೇಳುವುದು ಒಂದೇ, "ಸಕ್ಕರೆ ಹಾಕದೆ ಇಡ್ಲಿಕ್ಕೆ ಆಗ್ತದಾ?"

ಆಗ್ತದೆ. ಹಣ್ಣು ಹಾಳಾಗುವುದು ಅದರಲ್ಲಿರುವ ನೀರಿನಿಂದ. ಜಾಮ್‌ನಲ್ಲಿ ಸಕ್ಕರೆ ಆ ನೀರನ್ನು ಹಿಡಿದಿಡುತ್ತದೆ, ಬೂಸ್ಟಿಗೆ ಸಿಗದ ಹಾಗೆ ಮಾಡುತ್ತದೆ. ಮಾಂಬಳದಲ್ಲಿ ಬಿಸಿಲು ನೀರನ್ನೇ ತೆಗೆದುಬಿಡುತ್ತದೆ. ಹಾಗಾಗಿ ಸಕ್ಕರೆ ಬೇಕಿಲ್ಲ.

ಕೊಳೆತ ಭಾಗವಿಲ್ಲದ ಹಣ್ಣನ್ನು ತೊಳೆದು, ಒರೆಸಿ, ರಸ ಹಿಂಡಿ, ನಾರು ಸೋಸಿ. ಸ್ಟೀಲ್ ತಟ್ಟೆಗೆ ಸ್ವಲ್ಪ ತೆಂಗಿನೆಣ್ಣೆ ಸವರಿ ತೆಳ್ಳಗೆ ಹರಡಿ, ಮೇಲೆ ನೊಣ ಕೂರದಂತೆ ಬಲೆ ಕಟ್ಟಿ ಬಿಸಿಲಿಗಿಡಿ. ಒಂದು ಪದರ ಒಣಗಿದ ಮೇಲೆಯೇ ಇನ್ನೊಂದು. ಸಂಜೆ ಒಳಗೆ ತರಲೇಬೇಕು. ಬೆರಳಿಗೆ ಅಂಟದೆ, ಮಡಚಿದರೆ ಮುರಿಯದೆ ಇದ್ದರೆ ಆಯಿತು. ಸುತ್ತಿ, ಗಾಳಿಯಾಡದ ಒಣ ಭರಣಿಯಲ್ಲಿಡಿ.

ಒಂದು ವರ್ಷ ನಾವು ತಡ ಮಾಡಿ ಮೇ ಕೊನೆಗೆ ಶುರು ಮಾಡಿದೆವು. ನಾಲ್ಕನೇ ಪದರಕ್ಕೆ ಮಳೆ ಬಂತು. ಒಳಗಿನ ಹಸಿ ಹಾಗೇ ಉಳಿದು ಇಡೀ ತಟ್ಟೆಗೆ ಬೂಸ್ಟು. ಮೇಲಿನದ್ದು ಕೆರೆದು ತಿನ್ನುವ ಅಂತ ಉಮ್ಮ ಹೇಳಿದರು. ಹಾಗೆ ಮಾಡಬಾರದು, ಬೂಸ್ಟಿನ ಬೇರು ಕಣ್ಣಿಗೆ ಕಾಣದಷ್ಟು ಒಳಗೆ ಇಳಿದಿರುತ್ತದೆ. ಎಲ್ಲವನ್ನೂ ಎಸೆದೆವು.

ಬಿಸಿಲು ಕೈಕೊಟ್ಟರೆ ಫ್ರೀಜರ್ ಇದೆ. ರಸವನ್ನು ಒಂದು ಸಲಕ್ಕೆ ಬೇಕಾದಷ್ಟೇ ಸಣ್ಣ ಡಬ್ಬಗಳಲ್ಲಿ ತುಂಬಿ, ಮೇಲೆ ಸ್ವಲ್ಪ ಜಾಗ ಬಿಡಿ, ಹೆಪ್ಪುಗಟ್ಟುವಾಗ ಉಬ್ಬುತ್ತದೆ. ಮೈನಸ್ 18 ಡಿಗ್ರಿ ಇರಬೇಕು. ಸಣ್ಣ ಫ್ರಿಜ್ಜಿನ ಐಸ್ ಪೆಟ್ಟಿಗೆ ಸಾಲದು. ಕರೆಂಟ್ ಹೋದಾಗ ಬಾಗಿಲು ತೆರೆಯಬೇಡಿ; ತುಂಬಿದ ಡೀಪ್ ಫ್ರೀಜರ್ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದರೆ 24.

ಇನ್ನು ಮುಖ್ಯ ವಿಷಯ. ನಮ್ಮ ಉಪ್ಪನಿಗೆ ಶುಗರ್ ಇದೆ. "ಸಕ್ಕರೆ ಹಾಕಿಲ್ಲ ಅಲ್ವಾ" ಅಂತ ದಿನಾ ಚಹಾದ ಜೊತೆ ಒಂದು ದೊಡ್ಡ ತುಂಡು ತಿನ್ನುತ್ತಿದ್ದರು. ತಿಂಗಳ ಟೆಸ್ಟಿನಲ್ಲಿ ಶುಗರ್ ಏರಿತ್ತು. ತಪ್ಪು ಅವರದಲ್ಲ, ಲೆಕ್ಕ ಹೇಳದ ನಮ್ಮದು.

ನಾನು ಬಿಕಾಂ ಓದಿದವನು, ಲೆಕ್ಕದಲ್ಲೇ ಹೇಳುತ್ತೇನೆ. 1 ಕೆಜಿ ಮಾವಿನ ರಸದಲ್ಲಿ ನೀರೇ 800 ಗ್ರಾಂಗೆ ಮೇಲೆ, ಹಣ್ಣಿನದ್ದೇ ಸಕ್ಕರೆ ಅಂದಾಜು 140 ಗ್ರಾಂ. ಒಣಗಿ ಸುಮಾರು 200 ಗ್ರಾಂ ಮಾಂಬಳ ಆದಾಗ ಖರ್ಚಾದದ್ದು ನೀರು ಮಾತ್ರ. ಸಕ್ಕರೆಯ ಬಾಕಿ ಹಾಗೇ ಇದೆ! ಅಂದರೆ 50 ಗ್ರಾಂನ ಒಂದು ತುಂಡು ತಿಂದರೆ ಕಾಲು ಕೆಜಿ ರಸ ಕುಡಿದ ಹಾಗೆ.

ಹಾಗಂತ ಮಾಡುವುದು ಬಿಡಬೇಕಾಗಿಲ್ಲ. ಈಗ ನಮ್ಮ ಮನೆಯಲ್ಲಿ ಮಾಂಬಳವನ್ನು ಬೆರಳುದ್ದಕ್ಕೆ ಕತ್ತರಿಸಿ ಇಡುತ್ತೇವೆ. ಶುಗರ್ ಇದ್ದವರು ಎಷ್ಟು ತಿನ್ನಬಹುದು ಎಂದು ತಮ್ಮ ಡಾಕ್ಟರರನ್ನೇ ಕೇಳಲಿ. ಭರಣಿಯ ಮೇಲೆ "ಸಕ್ಕರೆ ಹಾಕಿಲ್ಲ" ಅಂತ ಬರೆಯುವವರು, ಕೆಳಗೆ "ಸಕ್ಕರೆ ಇದೆ" ಅಂತಲೂ ಬರೆಯಿರಿ.