ಅಂತೇವಾಸಿಯೂ ಪಶುವೈದ್ಯವೂ

ಬೆಂಗಳೂರಿನ ಹೊರವಲಯದಲ್ಲಿ ಸಂಚರಿಸುವವರಿಗೆ ಎರಡು ಊರುಗಳ ಹೆಸರು ಕಿವಿಗೆ ಬಿದ್ದೇ ಬೀಳುವುದು. ದಕ್ಷಿಣದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನೆಲೆಯಾದ ಕೋನಪ್ಪನ ಅಗ್ರಹಾರವು ಒಂದು. ಪೂರ್ವದಲ್ಲಿ ವೈಟ್‌ಫೀಲ್ಡಿನ ಮಗ್ಗುಲಲ್ಲಿರುವ ಪಟ್ಟಂದೂರು ಅಗ್ರಹಾರವು ಮತ್ತೊಂದು. ಅಗ್ರಹಾರವೆಂದರೆ ವಿದ್ಯಾವಂತರಿಗೆ ದತ್ತಿಯಾಗಿ ಬಿಟ್ಟ ಗ್ರಾಮ. ಗುರುವಿನ ಬಳಿ ನಿಂತು ಶಿಷ್ಯನು ಕಲಿಯುತ್ತಿದ್ದ ಸ್ಥಳ. ಇಂದು ಅಲ್ಲಿ ಗಣಕಯಂತ್ರಗಳ ಕಚೇರಿಗಳು ಎದ್ದಿವೆ. ವಾಯವ್ಯದ ಪೀಣ್ಯದಲ್ಲಿ ಕಾರ್ಖಾನೆಗಳು ಹಬ್ಬಿವೆ. ಇವುಗಳ ಸಂದಿನಲ್ಲಿಯೇ ಕೂಲಿಕಾರರ ಬಿಡಾರಗಳೂ, ಹಳೆಯ ಹಳ್ಳಿಗಳಿಂದ ಉಳಿದ ದನಕರುಗಳೂ, ಕಸದ ರಾಶಿಗಳೂ, ಅವನ್ನು ನಂಬಿದ ಬೀದಿನಾಯಿಗಳೂ ಇರುವುವು. ಇಂತಹ ಎಡೆಯಲ್ಲಿ ಪಶುವಿನ ಆರೋಗ್ಯವನ್ನೂ ಮನುಷ್ಯನ ಆರೋಗ್ಯವನ್ನೂ ಬೇರೆಬೇರೆಯಾಗಿ ಎಣಿಸಲಾಗದು. ಆ ಎರಡನ್ನೂ ಒಂದುಗೂಡಿಸಿ ನೋಡುವುದನ್ನು ಕಲಿಯಲು ವಿದ್ಯಾರ್ಥಿಗಳು ಸೇವಾಸಂಸ್ಥೆಗಳಲ್ಲಿ ಕೆಲವು ಕಾಲ ನಿಲ್ಲುವ ಪದ್ಧತಿಯೊಂದುಂಟು. ಇಂಗ್ಲಿಷಿನ ಹೆಸರಿನಿಂದ ಇಂಟರ್ನ್‌ಷಿಪ್ ಎಂದು ಕರೆಯಲ್ಪಡುವ ಈ ಪದ್ಧತಿಯ ಸ್ವರೂಪವೇನು, ನಮ್ಮ ಶಾಸ್ತ್ರಸಾಹಿತ್ಯಕ್ಕೂ ಅದಕ್ಕೂ ಇರುವ ಸಂಬಂಧವೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಪದ್ಧತಿಯನ್ನು ತಿಳಿಯೋಣ. ಹೆಬ್ಬಾಳದ ಪಶುವೈದ್ಯ ಕಾಲೇಜು ೧೯೫೮ರಲ್ಲಿ ಸ್ಥಾಪಿತವಾಯಿತು. ಭಾರತೀಯ ಪಶುವೈದ್ಯ ಪರಿಷತ್ತಿನ ೨೦೧೬ರ ನಿಯಮಗಳ ಮೇರೆಗೆ ಪದವಿಯ ವ್ಯಾಸಂಗವು ಐದೂವರೆ ವರ್ಷಗಳದು. ಅದರಲ್ಲಿ ಕಡೆಯ ಒಂದು ವರ್ಷವು ಕಡ್ಡಾಯವಾದ ಪ್ರಾಯೋಗಿಕ ಶಿಕ್ಷಣಕ್ಕೆ ಮೀಸಲು. ಇದಲ್ಲದೆ ಪಶುವೈದ್ಯದ, ಸಾರ್ವಜನಿಕ ಆರೋಗ್ಯದ, ಸಮಾಜಸೇವೆಯ ವಿದ್ಯಾರ್ಥಿಗಳು ಸ್ವಂತ ಇಚ್ಛೆಯಿಂದ ಸೇವಾಸಂಸ್ಥೆಗಳನ್ನು ಸೇರುವುದೂ ಉಂಟು. ಬೆಂಗಳೂರಿನಲ್ಲಿ ಈ ಬಗೆಯ ಸಂಸ್ಥೆಗಳಿಗೆ ಬಹುಕಾಲದ ಚರಿತ್ರೆಯಿದೆ. ಕ್ರಿಸ್ಟಲ್ ರೋಜರ್ಸ್ ಎಂಬಾಕೆಯು ಸ್ಥಾಪಿಸಿದ ಕ್ಯೂಪಾ ಸಂಸ್ಥೆಯು ೧೯೯೧ರದು. ಸಂಸ್ಥೆಗಳಲ್ಲಿ ಕಲಿಯತಕ್ಕ ಕೆಲಸವು ಸ್ಥೂಲವಾಗಿ ಹೀಗಿದೆ: ನಾಯಿಯನ್ನು ನೋಯಿಸದೆ ಹಿಡಿಯುವುದು, ನೋಂದಾಯಿತ ವೈದ್ಯರ ಕಣ್ಣೆದುರಿನಲ್ಲಿ ಸಂತಾನನಿರೋಧದ ಶಸ್ತ್ರಕ್ರಿಯೆಗೆ ನೆರವಾಗುವುದು, ಎರಡರಿಂದ ಎಂಟು ಡಿಗ್ರಿಗಳ ತಂಪಿನಲ್ಲಿ ಲಸಿಕೆಯನ್ನು ಕಾಪಾಡಿ ಚುಚ್ಚುವುದು, ಗುರುತಿಗಾಗಿ ಕಿವಿಯ ಅಂಚನ್ನು ಕತ್ತರಿಸುವುದು, ಹಿಡಿದ ಸ್ಥಳವನ್ನು ಬರೆದಿಡುವುದು. ೨೦೨೩ರ ನಿಯಮಗಳು ನಾಯಿಯನ್ನು ಹಿಡಿದಲ್ಲಿಯೇ ಬಿಡಬೇಕೆಂದು ವಿಧಿಸಿದುವು. ೨೦೨೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ ಮೊದಲಾದ ಆವರಣಗಳಲ್ಲಿ ಹಿಡಿದವನ್ನು ಅಲ್ಲಿಗೆ ಮರಳಿ ಬಿಡಬಾರದೆಂದು ಆಜ್ಞಾಪಿಸಿತು. ಕೆಲಸದ ವಿಸ್ತಾರಕ್ಕೆ ಒಂದು ಪ್ರಮಾಣ: ಆಗ ಇದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ೨೦೨೩ರ ಗಣನೆಯಲ್ಲಿ ನಗರದ ಬೀದಿನಾಯಿಗಳು ಸುಮಾರು ೨ ಲಕ್ಷ ೭೯ ಸಾವಿರವೆಂದು ಕಂಡುಬಂದಿತು. ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದರೂ ಲಸಿಕೆಯಾದರೆ ರೇಬೀಸ್ ರೋಗದ ಹರಡಿಕೆಯು ಕಡಿಯುವುದೆಂಬುದು ತಜ್ಞರ ಮತವು.

ಇನ್ನು, ಹೀಗೆ ನಿಂತು ಕಲಿಯುವವನನ್ನು ಏನೆಂದು ಕರೆಯಬೇಕು? ಧರ್ಮಶಾಸ್ತ್ರದಲ್ಲಿ ಇದಕ್ಕೆ ಸಿದ್ಧವಾದ ಶಬ್ದವಿದೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಸೇವೆ ಮಾಡುವವರನ್ನು ವಿಂಗಡಿಸುವಾಗ ವೇದವಿದ್ಯೆಯನ್ನು ಕಲಿಯುವವನನ್ನು ಶಿಷ್ಯನೆಂದೂ, ಶಿಲ್ಪವನ್ನು ಎಂದರೆ ಕೈಕಸುಬನ್ನು ಕಲಿಯುವವನನ್ನು ಅಂತೇವಾಸಿಯೆಂದೂ, ಕೂಲಿಗಾಗಿ ದುಡಿಯುವವನನ್ನು ಭೃತಕನೆಂದೂ ಬೇರ್ಪಡಿಸಿದ್ದಾನೆ. ಸ್ಮೃತಿಯ ವಿಧಿಯಂತೆ ಅಂತೇವಾಸಿಯು ವಿದ್ಯೆಯನ್ನು ಬೇಗ ಕಲಿತರೂ ಒಪ್ಪಿದ ಅವಧಿಯು ಮುಗಿಯುವವರೆಗೆ ಗುರುವಿನ ಮನೆಯಲ್ಲಿರಬೇಕು. ಅವನ ದುಡಿಮೆಯ ಫಲವು ಗುರುವಿಗೆ ಸಲ್ಲುವುದು. ಇದು ಒಂದು ಪಕ್ಷ. ಗುರುವು ಅವನಿಗೆ ಅನ್ನವಿಕ್ಕಿ, ಮಗನಂತೆ ಕಂಡು, ಕಲಿಸತಕ್ಕುದನ್ನು ಬಿಟ್ಟು ಬೇರೆ ಕೆಲಸವನ್ನು ಮಾಡಿಸಬಾರದೆಂದು ನಾರದನು ಹೇಳುವುದು ಇನ್ನೊಂದು ಪಕ್ಷ. ಕಾತ್ಯಾಯನನಾದರೋ ಇನ್ನೂ ಕಠಿಣನು: ಶಿಲ್ಪವನ್ನು ಕಲಿಸದೆ ಅನ್ಯಕರ್ಮವನ್ನು ಮಾಡಿಸುವ ಗುರುವು ದಂಡಾರ್ಹನು, ಶಿಷ್ಯನು ಅವನನ್ನು ಬಿಟ್ಟುಹೋಗಬಹುದು ಎಂಬುದು ಅವನ ನಿರ್ಣಯವು.

ಈ ವಿಧಿಯು ಇಂದಿಗೂ ಒರೆಗಲ್ಲಾಗತಕ್ಕುದು. ಬೋನು ತೊಳೆಯುವುದು ಹೀನವಾದ ಕೆಲಸವಲ್ಲ. ಬೋನಿನ ಶುಚಿಯಿಂದಲೇ ಸೋಂಕಿನ ನಿವಾರಣೆಯು ಆರಂಭವಾಗುವುದು. ಆದರೆ ಏತಕ್ಕಾಗಿ ತೊಳೆಯುವುದೆಂದು ತಿಳಿಸದೆ ತಿಂಗಳುಗಟ್ಟಲೆ ತೊಳೆಯಿಸಿದರೆ, ಅಲ್ಲಿ ನಿಂತವನು ಅಂತೇವಾಸಿಯಲ್ಲ, ಕೂಲಿಯಿಲ್ಲದ ಭೃತಕನು. ಕಚ್ಚಬಲ್ಲ ಪ್ರಾಣಿಯನ್ನು ಮುಟ್ಟುವ ಮೊದಲೇ ವಿದ್ಯಾರ್ಥಿಗೆ ರೇಬೀಸಿನ ಮುನ್ನೆಚ್ಚರಿಕೆಯ ಲಸಿಕೆಯನ್ನು ಹಾಕಿಸುವುದು ಪುತ್ರವಾತ್ಸಲ್ಯದ ಈ ಕಾಲದ ಅರ್ಥವು.

ಇಲ್ಲಿಯವರೆಗೆ ಗುರುವಿನ ಹೊಣೆಯನ್ನು ಹೇಳಿದುದಾಯಿತು. ನಮ್ಮ ಹೊಣೆ, ಎಂದರೆ ಭಾಷೆಯನ್ನು ಬಲ್ಲವರ ಹೊಣೆ, ಬೇರೊಂದಿದೆ. ಒಮ್ಮೆ ಎಲೆಕ್ಟ್ರಾನಿಕ್ ಸಿಟಿಯ ಸಮೀಪದಲ್ಲಿ ನಡೆದ ಲಸಿಕೆಯ ಶಿಬಿರವೊಂದಕ್ಕೆ ನಾನು ಹೋಗಿದ್ದೆನು. ವಿದ್ಯಾರ್ಥಿನಿಯೊಬ್ಬಳು ರೋಗದ ವಿಚಾರವನ್ನು ಇಂಗ್ಲಿಷ್ ಬೆರೆತ ಮಾತಿನಲ್ಲಿ ವಿವರಿಸುತ್ತಿದ್ದಳು. ಕೇಳುತ್ತಿದ್ದ ಮುದುಕಿಯು, "ನಮ್ಮ ಬೀದಿಯ ನಾಯಿಗೆ ಹುಚ್ಚಿಲ್ಲ ತಾಯಿ, ಮಂಕಾಗಿ ಮಲಗಿದೆ," ಎಂದಳು. ಅನಂತರ, "ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಯಾರು ಚುಚ್ಚಿಸಿಕೊಂಡಾರು?" ಎಂದು ಎದ್ದುಹೋದಳು. ಈ ಎರಡು ಮಾತುಗಳಲ್ಲಿಯೂ ಪ್ರಾಣಾಪಾಯವಿದೆ. ಹುಚ್ಚುನಾಯಿ ಎಂಬ ನಮ್ಮ ಶಬ್ದವು ರೋಗದ ಅರ್ಧವನ್ನು ಮಾತ್ರ ಹೇಳುತ್ತದೆ. ಕೆರಳಿ ಕಚ್ಚುವುದು ಒಂದು ರೂಪವಾದರೆ, ದವಡೆ ಜೋತು, ಜೊಲ್ಲು ಸುರಿಸಿ, ಮೂಕವಾಗಿ ಬಿದ್ದಿರುವುದು ಇನ್ನೊಂದು ರೂಪ. ಎರಡೂ ಸಮಾನವಾಗಿ ಮಾರಕವಾದುವು. ಹೊಕ್ಕುಳ ಸುತ್ತಣ ಸೂಜಿಯ ಹಳೆಯ ಲಸಿಕೆಯ ತಯಾರಿಕೆಯಾದರೋ ಭಾರತದಲ್ಲಿ ೨೦೦೪ರ ಕಡೆಯಲ್ಲಿಯೇ ನಿಂತಿತು. ಈಗ ತೋಳಿನಲ್ಲಿ ನಾಲ್ಕೋ ಐದೋ ಸಲ ಚುಚ್ಚಿದರೆ ಸಾಕು.

ವಿಸ್ಮಯವೆಂದರೆ, ಈ ಮಂಕಿನ ರೂಪವನ್ನು ಪ್ರಾಚೀನರು ಕಾಣದೆ ಇರಲಿಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದ ಏಳನೆಯ ಅಧ್ಯಾಯದಲ್ಲಿ ಅಲರ್ಕವಿಷದ ವರ್ಣನೆಯಿದೆ. ಅಲ್ಲಿಯ ನಾಯಿಯ ಬಾಲ, ದವಡೆ, ಹೆಗಲುಗಳು ಜೋತಿವೆ, ಜೊಲ್ಲು ಸುರಿಯುತ್ತದೆ, ಕಿವಿ ಕೇಳದೆ ಕಣ್ಣು ಕಾಣದೆ ಅಲೆಯುತ್ತದೆ. ಕಚ್ಚಿಸಿಕೊಂಡವನಲ್ಲಿ ಜಲತ್ರಾಸವು, ಎಂದರೆ ನೀರಿನ ಭಯವು ತೋರಿದರೆ ಅವನು ಉಳಿಯನೆಂದೂ ಹೇಳಿದೆ. ಇಂದಿನ ವೈದ್ಯವೂ ಲಕ್ಷಣಗಳು ತೋರಿದ ಮೇಲೆ ಮರಣವು ಬಹುಮಟ್ಟಿಗೆ ನಿಶ್ಚಿತವೆಂದೇ ಹೇಳುವುದು. ಆದರೆ ಸಂಸ್ಕೃತವನ್ನು ಓದಿದವನಾಗಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ: ಆ ಗ್ರಂಥದಿಂದ ಗ್ರಹಿಸತಕ್ಕುದು ಲಕ್ಷಣವನ್ನೇ ಹೊರತು ಚಿಕಿತ್ಸೆಯನ್ನಲ್ಲ. ರಕ್ತವನ್ನು ತೆಗೆದು ಕಾದ ತುಪ್ಪದಿಂದ ಸುಡುವ ಅಲ್ಲಿಯ ಕ್ರಮವನ್ನಾಗಲಿ, ಸುಣ್ಣ ಮೆಣಸಿನಪುಡಿಗಳನ್ನು ಮೆತ್ತುವ ಮನೆಮದ್ದನ್ನಾಗಲಿ ಅನುಸರಿಸಕೂಡದು. ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಪಡೆಯುವುದೇ ಮಾರ್ಗವು. ಈ ಒಂದು ವಾಕ್ಯವು ಬಿಡಾರದ ಬಾಗಿಲಲ್ಲಿ ಅರ್ಥವಾಗುವಂತೆ ನುಡಿಯಲ್ಪಟ್ಟಿತೇ ಇಲ್ಲವೇ ಎಂಬುದರ ಮೇಲೆ ಮಗುವಿನ ಪ್ರಾಣವು ನಿಂತಿರುವುದು.

ಶಾಸ್ತ್ರವನ್ನು ಜನರ ನುಡಿಗೆ ಇಳಿಸುವುದು ಕನ್ನಡಕ್ಕೆ ಹೊಸತಲ್ಲ. ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿ. ಅದೇ ವಿಕ್ರಮಾದಿತ್ಯನ ಸಹೋದರನಾದ ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿದನೆಂಬುದು ಕವಿಚರಿತೆಯ ಮತವು. ಔಷಧಗಳೊಡನೆ ಮಂತ್ರಗಳೂ ಬೆರೆತ ಆ ಗ್ರಂಥದ ಚಿಕಿತ್ಸೆಯು ನಮಗೆ ಪ್ರಮಾಣವಲ್ಲದಿರಬಹುದು. ಆದರೂ ಅರಸುಮಗನೊಬ್ಬನು ದನದ ರೋಗವನ್ನು ಬರೆಯಲು ಕನ್ನಡವನ್ನು ಆರಿಸಿಕೊಂಡನೆಂಬುದು ಪ್ರಮಾಣವೇ ಸರಿ. ಸುಮಾರು ೧೪೦೦ರಲ್ಲಿ ಅಭಿನವಚಂದ್ರನು 'ಅಶ್ವವೈದ್ಯ'ವನ್ನು ಬರೆದು ಅದೇ ದಾರಿಯನ್ನು ಹಿಡಿದನು.

ಹೀಗೆ ಒಂದೇ ರಾಜಮನೆತನದ ನೆರಳಿನಲ್ಲಿ ಅಂತೇವಾಸಿಯ ಧರ್ಮವೂ ನಿರ್ಣಯವಾಯಿತು, ಪಶುವೈದ್ಯವೂ ಕನ್ನಡವಾಯಿತು. ಇಂದು ಈ ಎರಡೂ ಒಂದೆಡೆ ಸೇರಬೇಕಾಗಿದೆ. ಇಂಟರ್ನ್‌ಷಿಪ್ಪಿಗೆ ಅಂತೇವಾಸವೆಂಬ ಹೆಸರು ಸಲ್ಲಬಹುದೆಂದು ನನ್ನ ಅಭಿಪ್ರಾಯ. ಅದಕ್ಕಿಂತ ಒಳ್ಳೆಯ ಶಬ್ದವು ದೊರೆತರೆ ಸಂತೋಷವೇ. ಆದರೆ ಹೆಸರಿಡುವುದರಲ್ಲಿಯೇ ನಮ್ಮ ಕೆಲಸವು ಮುಗಿಯದು. ಸಾಹಿತ್ಯದ ಉಪಾಧ್ಯಾಯರು ವರ್ಷಕ್ಕೊಂದು ದಿನವಾದರೂ ಇಂತಹ ಶಿಬಿರದಲ್ಲಿ ಕುಳಿತು, ವಿದ್ಯಾರ್ಥಿಯು ಹೇಳುವುದನ್ನೂ ಹಳ್ಳಿಯವರು ಕೇಳುವುದನ್ನೂ ಕಿವಿಗೊಟ್ಟು, ನಡುವಣ ಕಂದಕಕ್ಕೆ ತಕ್ಕ ಮಾತನ್ನು ಹುಡುಕಿಕೊಡಲಿ. ಹುಚ್ಚುನಾಯಿಯ ಪಕ್ಕದಲ್ಲಿ 'ಮಂಕುನಾಯಿ'ಯೆಂಬ ಮಾತು ನಿಂತು, ಅದೂ ಅಪಾಯವೆಂದು ಆ ಮುದುಕಿಗೆ ತಿಳಿಯುವಂತಾದರೆ ನಮ್ಮ ಪಾಂಡಿತ್ಯವು ಸಾರ್ಥಕವಾದಂತೆಯೇ.